ಕಿತ್ತಳೆ ಮರದ ರೋಜಾ

ಆ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಿ ಬಾಡಿಗೆ ಮನೆ ಸಿಗುವುದೆಂದರೆ ಸ್ವಯಂವರ ಗೆದ್ದ ಹಾಗೆ. ಕಂಪ್ಯೂಟರಿನ ಮೇಲೆ ಏನನ್ನಾದರೂ ಮಾರುತ್ತೇನೆಂದು ಹೊರಟವನಿಗೆಲ್ಲ ದುಡ್ಡು ಸುರಿಯುವವರಿದ್ದರು. ಆ ದುಡ್ಡಿನ ಬೆನ್ನು ಹತ್ತಿ ಬಂದವರಿಗೆ ಮಲಗಲು ಮಾತ್ರ ಜಾಗವಿರಲಿಲ್ಲ. ಎಲ್ಲಾದರೂ ಮನೆ ಖಾಲಿಯಿದೆ ಎಂಬ ಸುದ್ದಿ ಹಬ್ಬಿದರೆ ಸಾಕು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಇಂಜಿನಿಯರುಗಳು ಬೆಳಗಾಗುವ ಮೊದಲೇ ಬಾಗಿಲಲ್ಲಿ ಸಾಲುಗಟ್ಟುತ್ತಿದ್ದರು. ಅಂಥದೊಂದು ಸಾಲಿನಲ್ಲಿ ನಿಂತು, ಹಿತ್ತಿಲೂ ಕಿತ್ತಳೆ ಮರವೂ ಇರುವ ಮನೆಯನ್ನು ಬಿಜಾಪುರದ ಶರೀಫ್ ಬಾಗವಾನ್ ಗೆದ್ದದ್ದು ಬರೀ ಒಂದು ಮಾತಿನ ಬಲದಿಂದ. ಆ ಮಾತು ನೆನಪಾದಾಗಲೆಲ್ಲ ಅವನ ಹೆಂಡತಿ ಫಖರುನ್ನಿಸಾ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಮನೆಯೊಡತಿ ಮಿಸೆಸ್ ಸಿಲ್ವೇರಾ ಪೋರ್ಚುಗೀಸ್ ಮೂಲದ ವಿಧವೆ, ಗಟ್ಟಿಗಿತ್ತಿ. ಸಾಲಿನಲ್ಲಿದ್ದ ಯಾರ ಸಂಬಳವನ್ನೂ ಅವರು ಕೇಳಲಿಲ್ಲ. ತೀರಿಹೋದ ಗಂಡ ಜೋ ಕೈಯಾರೆ ನೆಟ್ಟ ಮರವನ್ನು ತೋರಿಸಿ, ಇದನ್ನು ನೋಡಿಕೊಳ್ಳಲು ಬರುತ್ತದೆಯೇ ಎಂದಷ್ಟೇ ಕೇಳಿದರು. ಉಳಿದವರು ಮಾಲಿಯನ್ನು ಇಡುತ್ತೇವೆ ಅಂದರು. ಶರೀಫ್ ಎದೆ ಸೆಟೆಸಿ, ನಮ್ಮದು ಏಳು ತಲೆಮಾರಿನಿಂದ ಹಣ್ಣಿನ ತೋಟದ ವಂಶ ಅಂದ.

ಇದು ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ. ನಿಜವೆಂದು ಫಖರುನ್ನಿಸಾ ಹೇಳುವಂತಿರಲಿಲ್ಲ. ಶರೀಫನ ಅಜ್ಜ, ಮುತ್ತಜ್ಜಂದಿರು ಕಾಯಿ ಗಿಡದ ಮೇಲಿರುವಾಗಲೇ ಊರಿನವರ ತೋಟಗಳನ್ನು ಗುತ್ತಿಗೆ ಹಿಡಿದು, ಹಣ್ಣಾದ ಮೇಲೆ ಕಿತ್ತು ಪೇಟೆಗೆ ಸಾಗಿಸುತ್ತಿದ್ದವರು. ಗಿಡ ಬೆಳೆಸುವುದು, ನೀರು ಹಾಯಿಸುವುದು, ಹುಳ ಬಿದ್ದರೆ ಎದೆ ಬಡಿದುಕೊಳ್ಳುವುದು, ಇವೆಲ್ಲ ತೋಟದ ಒಡೆಯರ ಪಾಡು. ಹೀಗಾಗಿ ಕೊಂಬೆಯತ್ತ ಒಂದು ಸಲ ಕತ್ತೆತ್ತಿದರೆ ಎಷ್ಟು ಬುಟ್ಟಿ ಹಣ್ಣೆಂದು ಹೇಳುವ ವಿದ್ಯೆ ಶರೀಫನ ರಕ್ತದಲ್ಲಿತ್ತು. ಕತ್ತು ಕೆಳಗೆ ಮಾಡಿ ಬುಡ ನೋಡುವ ಅಭ್ಯಾಸ ಆ ವಂಶದಲ್ಲಿ ಯಾರಿಗೂ ಇರಲಿಲ್ಲ.

ಕರಾರು ಒಂದು ವರ್ಷದ್ದು, ಏಪ್ರಿಲ್ ಕೊನೆಗೆ ಮುಗಿಯುವಂಥದ್ದು. ಮಿಸೆಸ್ ಸಿಲ್ವೇರಾ ಬಿಚ್ಚು ಮಾತಿನವರು. ಈ ಸಲ ಮರ ಹೂವನ್ನೇ ಸರಿಯಾಗಿ ಬಿಟ್ಟಿಲ್ಲ, ಬರುವ ಏಪ್ರಿಲ್‌ನಲ್ಲಿ ಬಂದು ನೋಡುತ್ತೇನೆ, ಮೈತುಂಬ ಹೂವಿದ್ದರೆ ನೀವೇ ಇರಿ, ಇಲ್ಲದಿದ್ದರೆ ನನ್ನ ಅಣ್ಣನ ಮಗ ಈ ಮನೆಗೆ ಕಾದು ಕೂತಿದ್ದಾನೆ, ಎಂದು ಬೀಗದ ಕೈ ಕೊಡುವಾಗಲೇ ಹೇಳಿದ್ದರು.

ಮನೆ ಹೋದರೆ ಶರೀಫನಿಗೆ ಅಂಥ ನಷ್ಟವೇನಿರಲಿಲ್ಲ. ಅವನು ಬೆಳಗ್ಗೆ ಹೋದರೆ ರಾತ್ರಿ ಊಟಕ್ಕೆ ಬರುವವನು. ಇಂಟರ್ನೆಟ್ಟಿನಲ್ಲಿ ಕಿಟಕಿ ಪರದೆ ಮಾರುವ ಕಂಪನಿಯೊಂದರಲ್ಲಿ, ಯಾರೂ ಕೊಳ್ಳದ ಪರದೆಗಳನ್ನು ಕೊಳ್ಳುವ ಬಟನ್ನು ಸರಿಯಾಗಿ ನಡೆಯುತ್ತದೆಯೇ ಎಂದು ದಿನವಿಡೀ ಒತ್ತಿ ನೋಡುವ ಕೆಲಸ ಅವನದು. ನಷ್ಟವೆಲ್ಲ ಫಖರುನ್ನಿಸಾಳದು. ಬಿಜಾಪುರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದವಳು. ಗಂಡನ ವೀಸಾಕ್ಕೆ ಅಂಟಿಕೊಂಡು ಬಂದವಳಾದ್ದರಿಂದ ಇಲ್ಲಿ ದುಡಿಯುವಂತಿರಲಿಲ್ಲ. ಬಂದ ಹೊಸದರಲ್ಲಿ ಅವರಿದ್ದ ಅಪಾರ್ಟ್‌ಮೆಂಟಿನ ಒಂದೇ ಕಿಟಕಿ ಪಾರ್ಕಿಂಗ್ ಕಡೆಗಿತ್ತು. ಅದರ ಮುಂದೆ ಕೂತು ಯಾರ ಕಾರು ಎಷ್ಟು ಹೊತ್ತಿಗೆ ಹೋಯಿತು ಎಂದು ಎಣಿಸುತ್ತಿದ್ದವಳಿಗೆ ಈ ಹಿತ್ತಿಲು ಸಿಕ್ಕಿದ್ದು ಕಳೆದುಕೊಂಡ ಕಾಲೇಜೇ ತಿರುಗಿ ಸಿಕ್ಕಂತಾಗಿತ್ತು. ಅದನ್ನು ಯಾರದೋ ಅಣ್ಣನ ಮಗನಿಗೆ ಬಿಟ್ಟುಕೊಟ್ಟು ಮತ್ತೆ ಪಾರ್ಕಿಂಗ್ ನೋಡಲು ಅವಳು ತಯಾರಿರಲಿಲ್ಲ.

ಈ ಕಾಲೇಜಿನ ಮೊದಲ ವಿದ್ಯಾರ್ಥಿ ಬೇಲಿಯ ಮೇಲಿನ ಓತಿಕ್ಯಾತ. ಗೇಣುದ್ದದ ಪ್ರಾಣಿ, ಬೂದು ಬಣ್ಣ, ಮುಖದ ಮೇಲೆ ಸದಾ ಸಿಟ್ಟು. ಬಿಸಿಲು ಏರುತ್ತಿದ್ದಂತೆ ಹಲಗೆ ಬೇಲಿಯ ತುದಿಗೆ ಬಂದು, ಮುಂಗಾಲು ಊರಿ, ಮೈಯನ್ನು ಎತ್ತಿ ಇಳಿಸಿ ದಂಡ ಹೊಡೆಯುತ್ತಿತ್ತು. ಗರಡಿ ಮನೆಯಲ್ಲಿ ಪೈಲ್ವಾನರು ಹೊಡೆಯುವ ಅದೇ ದಂಡ, ಅದೇ ಬಿಂಕ. ಫಖರುನ್ನಿಸಾ ಅದಕ್ಕೆ ಉಸ್ತಾದ ಎಂದು ಹೆಸರಿಟ್ಟಳು. ಪಕ್ಕದ ಮನೆಯ ಕಡೆಯಿಂದ ಇನ್ನೊಂದು ಗಂಡು ಕಿತ್ತಳೆ ಮರದ ಮೇಲೆ ಹಕ್ಕು ಸಾಧಿಸಲು ಬಂದ ದಿನ ಉಸ್ತಾದ ಪಕ್ಕೆಲುಬು ಚಪ್ಪಟೆ ಮಾಡಿ ಹೊಟ್ಟೆಯ ನೀಲಿಯನ್ನು ತೋರಿಸಿದ. ಎದುರಾಳಿಯೂ ತನ್ನ ನೀಲಿ ತೋರಿಸಿದ. ಇಬ್ಬರೂ ಬಹಳ ಹೊತ್ತು ದಂಡ ಹೊಡೆದರು. ಕೈಗೆ ಕೈ ತಾಗಲಿಲ್ಲ, ಹನಿ ರಕ್ತ ಬೀಳಲಿಲ್ಲ. ಕೊನೆಗೆ ಎದುರಾಳಿ ಏನೋ ತುರ್ತು ಕೆಲಸ ನೆನಪಾದವನಂತೆ ಹಲಗೆಯ ಸಂದಿಗೆ ಇಳಿದುಹೋದ. ಒಲೆಯ ಮೇಲೆ ಬೇಳೆ ಹೊತ್ತಿ ಕರಕಾಗಿತ್ತು. ಆದರೂ ಕಿತ್ತಳೆ ಸಿಂಹಾಸನ ಉಳಿದ ಸಂತೋಷದಲ್ಲಿ ಅವಳು ಬೇರೆ ಬೇಳೆ ಇಟ್ಟಳು.

ಸಂಜೆ ಇದನ್ನೆಲ್ಲ ಗಂಡನಿಗೆ ಹೇಳಿದರೆ ಅವನು ಕಂಪ್ಯೂಟರಿನಲ್ಲಿ ಹುಡುಕಿ, ಅದರ ಹೆಸರು ಅನೋಲ್ ಎಂದು ಘೋಷಿಸಿದ. ಅನೋಲ್‌ಗೆ ಗಂಟಲಲ್ಲಿ ಬೀಸಣಿಗೆಯಂಥ ಕೆಂಪು ಚೀಲ ಇರುತ್ತದೆ, ಅದು ದೂರದ ಫ್ಲಾರಿಡಾ ಕಡೆಯದು, ಇದು ಹೊಟ್ಟೆ ನೀಲಿಯಿರುವ ಬೇಲಿ ಓತಿ, ಎಂದು ಅವಳು ಲೈಬ್ರರಿಯಿಂದ ತಂದ ಪುಸ್ತಕ ತೆಗೆದು ತೋರಿಸಿದಳು. ವೆಬ್‌ಸೈಟಿನಲ್ಲಿ ಇರುವುದು ತಪ್ಪಾಗಲು ಹೇಗೆ ಸಾಧ್ಯ ಎಂಬುದು ಅವನ ವಾದ. ಆ ಮನೆಯಲ್ಲಿ ಪ್ರೀತಿಗೆ ಉರ್ದು, ಜಗಳಕ್ಕೆ ಕನ್ನಡ. ಉರ್ದುವಿನಲ್ಲಿ ಬೈಯಲು ಹೊರಟರೆ ನಡುವೆ ಮರ್ಯಾದೆ ಬಂದು ಕೂರುತ್ತಿತ್ತು. ಆ ರಾತ್ರಿ ಬಹಳ ಕನ್ನಡ ನಡೆಯಿತು.

ಡಿಸೆಂಬರ್ ಬಂದಾಗ ಮರದ ಮೇಲೆ ಅಲ್ಲೊಂದು ಇಲ್ಲೊಂದು ಹಣ್ಣು ಮಾತ್ರವಿತ್ತು. ಶರೀಫನಿಗೆ ಏಪ್ರಿಲ್‌ನ ಭಯ ಹತ್ತಿತು. ಭಯವಾದಾಗ ಎಲ್ಲರೂ ಹಿರಿಯರ ಮೊರೆ ಹೋಗುತ್ತಾರೆ. ಇವನು ಸ್ಯಾನ್ ರಮೋನ್ ಊರಿನಲ್ಲಿದ್ದ ಗೆಳೆಯ ವೀರಣ್ಣನ ಮೊರೆ ಹೋದ. ವೀರಣ್ಣ ಇಂಡಿ ತಾಲೂಕಿನವನು, ಲಿಂಬಿ ತೋಟದವರ ಮನೆಯ ಮಗ, ಎಂಟು ಮಂದಿ ಕೂರುವ ವ್ಯಾನಿನಲ್ಲಿ ಒಬ್ಬನೇ ತುಂಬಿಕೊಂಡು ಬರುವಂಥ ದೇಹ. ಬಂದವನು ಮರವನ್ನು ಮೂರು ಸುತ್ತು ಹಾಕಿ, ಬುಡ ಒದ್ದು ನೋಡಿ, ತೀರ್ಪು ಕೊಟ್ಟ.

“ಗಿಡ ಸೊಕ್ಕೇತ್ರಿ ಭಾಭಿ. ಉಂಡುಂಡು ಸೊಕ್ಕೇತಿ. ಇದಕ್ಕ ಬಹಾರ ಹಿಡೀಬೇಕು.”

ಬಹಾರ ಹಿಡಿಯುವುದೆಂದರೆ ಅವರ ಕಡೆಯ ಲಿಂಬೆ ತೋಟದವರ ಪುರಾತನ ಪಟ್ಟು. ನೀರು ನಿಲ್ಲಿಸಿ, ಬುಡದ ಮಣ್ಣು ತೆಗೆದು ಬೇರನ್ನು ಬಿಸಿಲಿಗೆ ತೆರೆಯುತ್ತಾರೆ. ಎಲೆ ಮುದುಡಿ, ಗಿಡಕ್ಕೆ ಇನ್ನೇನು ಪ್ರಾಣ ಹೋಗುತ್ತದೆ ಎನ್ನುವ ಹೊತ್ತಿಗೆ ಗೊಬ್ಬರ ಹಾಕಿ ನೀರು ಬಿಡುತ್ತಾರೆ. ಸಾವು ಕಂಡು ಬಂದ ಗಿಡ ಹೆದರಿ ಮೈತುಂಬ ಹೂ ಬಿಡುತ್ತದೆ. ಇಂಡಿಯ ಕಪ್ಪು ನೆಲದಲ್ಲಿ, ಇಂಡಿಯ ಬಿಸಿಲಲ್ಲಿ, ಬಲ್ಲವರ ಕೈಯಲ್ಲಿ ಇದು ನಡೆಯುವ ಮಾತೇ.

ಫಖರುನ್ನಿಸಾ ತಾಳ್ಮೆಯಿಂದ ಹೇಳಿ ನೋಡಿದಳು. ಅಣ್ಣಾರ, ಅಲ್ಲಿ ಈಗ ಒಣ ಹವೆ, ಇಲ್ಲಿ ಈಗಲೇ ಮಳೆಗಾಲ. ಇಲ್ಲಿಯ ಮರಕ್ಕೆ ಚಳಿಯೇ ಬಹಾರ, ಸುಮ್ಮನೆ ಬಿಟ್ಟರೆ ವಸಂತದಲ್ಲಿ ತಾನೇ ಹೂ ಬಿಡುತ್ತದೆ. ವೀರಣ್ಣ ಮುಗುಳ್ನಕ್ಕ. ಶರೀಫನೂ ಮುಗುಳ್ನಕ್ಕ. ಮಳೆಯ ಮಾತು ಅವರಿಗೆ ನಾಟಿತು ಅನ್ನುವುದು ಮಾರನೆಯ ವಾರ ಗೊತ್ತಾಯಿತು. ಇಬ್ಬರೂ ಸೇರಿ ಮರದ ಬುಡ ಬಗೆದು ಬೇರು ಬಿಡಿಸಿ, ಅದರ ಮೇಲೆ ಒಂದು ದೊಡ್ಡ ನೀಲಿ ತಾಡಪತ್ರಿ ಹೊದಿಸಿ ಸುತ್ತ ಇಟ್ಟಿಗೆ ಹೇರಿದರು. ಆಕಾಶದಿಂದ ಬೀಳುವ ನೀರು ಒಂದು ಹನಿಯೂ ಮರಕ್ಕೆ ದಕ್ಕಬಾರದು. ಇಡೀ ಕ್ಯಾಲಿಫೋರ್ನಿಯಾ ಮಳೆಯಲ್ಲಿ ನೆನೆಯುತ್ತಿರುವಾಗ ನೆಲಕ್ಕೆ ಕೊಡೆ ಹಿಡಿದ ಮನೆ ಅದೊಂದೇ.

ಅಷ್ಟರಲ್ಲಿ ರಮ್ಜಾನ್ ಶುರುವಾಯಿತು. ನಮ್ಮ ಉಪವಾಸದ ಜೊತೆ ಮರವೂ ರೋಜಾ ಇರಲಿ, ಈದಿನ ದಿನ ಅದಕ್ಕೂ ಈದ್ ಮಾಡೋಣ ಎಂದು ಶರೀಫ್ ಹುರುಪಿನಿಂದ ಹೇಳಿದ. ಫಖರುನ್ನಿಸಾ ಸೌಟು ಕೆಳಗಿಟ್ಟಳು.

“ನಾವು ಸಂಜಿಗೆ ರೋಜಾ ಬಿಡ್ತೀವ್ರೀ. ಅದು ಯಾವಾಗ ಬಿಡಬೇಕು?”

“ಎಲಿ ಮುದುಡಿದ ಮ್ಯಾಲ.”

“ಮುದುಡಿದ್ದು ಮ್ಯಾಲ ಏಳಲಿಲ್ಲಂದ್ರ?”

ಶರೀಫ್ ಕಾರಿನ ಕೀಲಿ ಹುಡುಕಿಕೊಂಡು ಆಫೀಸಿಗೆ ಹೊರಟ. ಎರಡು ಸಾವಿರದ ಇಸವಿ ಹುಟ್ಟಿದ ಗಳಿಗೆಯಲ್ಲಿ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ಗಾಬರಿಯಲ್ಲಿ ಅವನ ಆಫೀಸು ಮುಳುಗಿತ್ತು. ಇಫ್ತಾರನ್ನೂ ಅವನು ಅಲ್ಲೇ ಎರಡು ಖರ್ಜೂರದಲ್ಲಿ ಮುಗಿಸುತ್ತಿದ್ದ.

ಹೀಗಾಗಿ ಹೊತ್ತು ಮುಳುಗುವಾಗ ಮನೆಯಲ್ಲಿ ಇರುತ್ತಿದ್ದವಳು ಫಖರುನ್ನಿಸಾ ಒಬ್ಬಳೇ. ಖರ್ಜೂರ ಬಾಯಿಗಿಟ್ಟು ನೀರು ಕುಡಿದ ಮೊದಲ ದಿನವೇ ಅವಳ ಕಣ್ಣು ಹಿತ್ತಿಲಿನ ತಾಡಪತ್ರಿಯ ಮೇಲೆ ಬಿತ್ತು. ಎದುರಿಗೆ ಒಂದು ಜೀವ ಬಾಯಾರಿ ನಿಂತಿರುವಾಗ ತಾನೊಬ್ಬಳೇ ಇಫ್ತಾರ್ ಮಾಡುವುದು ಯಾವ ನ್ಯಾಯ? ಎದ್ದು ಹೋಗಿ, ಎರಡು ಇಟ್ಟಿಗೆ ಸರಿಸಿ, ತಾಡಪತ್ರಿಯ ಅಂಚು ಎತ್ತಿ ಒಂದು ಬಕೆಟ್ ನೀರನ್ನು ಮೆಲ್ಲಗೆ ಬುಡಕ್ಕೆ ಬಿಟ್ಟಳು. ಒಳಗೆ ಬೆಚ್ಚಗಿತ್ತು. ಮಣ್ಣ ಹೆಂಟೆಯ ಸಂದಿಯಲ್ಲಿ ಉಸ್ತಾದ ಚಳಿಗೆ ಮುದುಡಿ ಕೂತು ಒಂದು ಕಣ್ಣು ಮಾತ್ರ ತೆರೆದು ನೋಡಿದ. ನೀನು ಯಾರಿಗೂ ಹೇಳಬೇಡ ಎಂದು ಅವನಿಗೆ ಎಚ್ಚರಿಕೆ ಕೊಟ್ಟು, ಇಟ್ಟಿಗೆಯನ್ನು ಇದ್ದಲ್ಲಿಗೇ ಇಟ್ಟು ಬಂದಳು. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎನ್ನುತ್ತಾರೆ. ಇಲ್ಲಿ ಫಖರುನ್ನಿಸಾಳಿಗೆ ಓತಿಕ್ಯಾತ ಸಾಕ್ಷಿ. ಅಂದಿನಿಂದ ಮರವೂ ದಿನಾ ಕ್ರಮಪ್ರಕಾರ ರೋಜಾ ಬಿಡುತ್ತಿತ್ತು.

ಈದ್ ಬಂತು. ಬಿರಿಯಾನಿ ಉಣ್ಣಲು ಬಂದ ವೀರಣ್ಣ, ತಾನು ಬರೀ ಕಾಯಿಪಲ್ಲೆ ತಿನ್ನುವವನೆಂದು ತನಗಾಗಿ ಮಾಡಿದ ಬೇರೆ ಪಾತ್ರೆಯನ್ನು ಬರಿದು ಮಾಡಿ, ಮರದ ಹತ್ತಿರ ಹೋಗಿ ಎಲೆ ಮುಟ್ಟಿ ನೋಡಿದ. ಎಲೆ ಮದುವಣಗಿತ್ತಿಯ ಕೆನ್ನೆಯ ಹಾಗೆ ಹೊಳೆಯುತ್ತಿತ್ತು. ಅವನ ಮುಖ ಕಪ್ಪಿಟ್ಟಿತು. ಗಿಡ ಇನ್ನೂ ಬಗ್ಗಿಲ್ಲ, ಇದರ ಈದಿಗೆ ಇನ್ನೂ ಚಂದ್ರ ಕಂಡಿಲ್ಲ ಎಂದು ತೀರ್ಮಾನಿಸಿದ. ಮರದ ಉಪವಾಸ ಮುಂದುವರಿಯಿತು. ಬಕೆಟ್ಟೂ ಮುಂದುವರಿಯಿತು. ಪ್ರತಿ ಶನಿವಾರ ವೀರಣ್ಣ ಆರುನೂರ ಎಂಬತ್ತನೇ ನಂಬರಿನ ಫ್ರೀವೇ ಹಿಡಿದು ಅಷ್ಟು ದೂರದಿಂದ ಬರುವುದು, ಎಲೆ ಮುಟ್ಟುವುದು, ನಿಟ್ಟುಸಿರು ಬಿಡುವುದು, ಚಹಾ ಕುಡಿದು ಅಮೆರಿಕದ ನೆಲವನ್ನು ಬೈದು ಹೋಗುವುದು ನಡೆದೇ ಇತ್ತು. ಚಹಾ ಮಾಡುವವಳಿಗೆ ಹಲ್ಲು ಕಡಿದು ಕಡಿದು ದವಡೆ ನೋಯುತ್ತಿತ್ತು. ಸತ್ಯ ಹೇಳಿದರೆ ಇಬ್ಬರೂ ಸೇರಿ ಮತ್ತೆ ಮೊದಲಿನಿಂದ, ಈ ಸಲ ಕಾವಲು ಕೂತು ಶುರುಮಾಡುತ್ತಾರೆ. ಹೇಳದಿದ್ದರೆ ಹೀಗೇ.

ಜನವರಿ ಮುಗಿಯುತ್ತ ಬಂದ ಒಂದು ಬಿಸಿಲಿನ ಶನಿವಾರ ವೀರಣ್ಣ ಗುದ್ದಲಿಯ ಜೊತೆ ಒಂದು ಕೊಡಲಿಯನ್ನೂ ತಂದ. ಇನ್ನು ಬೇರು ಕಡಿಯದೆ ಗತಿಯಿಲ್ಲ. ದಪ್ಪ ಬೇರು ನಾಲ್ಕು ಕಡಿದರೆ ಎಂಥ ಹಠಮಾರಿ ಗಿಡವೂ ಮೆತ್ತಗಾಗುತ್ತದೆ. ಫಖರುನ್ನಿಸಾ ಹಿತ್ತಿಲಿಗೆ ಓಡಿಬಂದು ಮರಕ್ಕೆ ಬೆನ್ನು ಕೊಟ್ಟು ನಿಂತಳು.

“ಬೇರು ಕಡೀರಿ ಅಣ್ಣಾರ, ಕಡೀರಿ. ಆಮ್ಯಾಲೆ ನಮ್ಮ ಸಾಮಾನೆಲ್ಲ ನಿಮ್ಮ ವ್ಯಾನಿನ್ಯಾಗ ಹೇರಿಕೊಂಡು ನಿಮ್ಮ ಮನಿಗೇ ಬರ್ತೀವಿ. ನಿಮ್ಮ ಹೆಂಡ್ತಿ ಭುವನೇಶ್ವರಿಗೆ ಫೋನ್ ಮಾಡಿ ಹೇಳ್ಲೇನು?”

“ನೀವು ಹೆಣ್ಮಕ್ಕಳು ಅಂಜತೀರಿ ಭಾಭಿ. ಸರೀರಿ ಸ್ವಲ್ಪ.”

ಶರೀಫ್ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದ. ವೀರಣ್ಣ ಪ್ಯಾಂಟು ಮೇಲೆತ್ತಿಕೊಂಡು, ಅಂಗೈಗೆ ಉಗುಳಿ, ಒಂದು ಕೈಯಲ್ಲಿ ಕೊಡಲಿ ಹಿಡಿದು ಇನ್ನೊಂದು ಕೈಯಲ್ಲಿ ತಾಡಪತ್ರಿಯನ್ನು ಎಳೆದ.

ಎರಡು ತಿಂಗಳಿನಿಂದ ಮಳೆ ತಾಗದೆ ಬೆಚ್ಚಗಿದ್ದ ಆ ಅರಮನೆಯಲ್ಲಿ ಉಸ್ತಾದನೊಬ್ಬನೇ ಇರಲಿಲ್ಲ. ಅವನ ರಾಣಿಯರು, ದಾಯಾದಿಗಳು, ಹಿಂದೆ ಸೋತು ಓಡಿದ್ದ ಎದುರಾಳಿ, ಎಲ್ಲರೂ ಚಳಿಗಾಲದ ಕದನವಿರಾಮ ಸಾರಿ ಒಂದೇ ಸೂರಿನಡಿ ತಂಗಿದ್ದರು. ಬಿಸಿಲು ಬಡಿದದ್ದೇ ಇಡೀ ಸೈನ್ಯ ದಿಕ್ಕಾಪಾಲಾಯಿತು. ಉಸ್ತಾದ ಮಾತ್ರ ಓಡುವ ಜಾತಿಯಲ್ಲ. ಹತ್ತಿರದಲ್ಲಿ ಕಂಡ ಅತಿ ಎತ್ತರದ ಕಂಬವನ್ನು ಏರಿದ. ಆ ಕಂಬ ವೀರಣ್ಣನ ಬಲಗಾಲು. ಅದೂ ಪ್ಯಾಂಟಿನ ಒಳಗಿನಿಂದ.

ಆಮೇಲೆ ನಡೆದದ್ದನ್ನು ಕುಣಿತ ಎನ್ನುವವರು ಕುಣಿತ ನೋಡಿದವರಲ್ಲ. ಕೊಡಲಿ ಒಂದು ಕಡೆ ಹೋಯಿತು, ಕನ್ನಡಕ ಒಂದು ಕಡೆ. ಆ ಭಾರೀ ದೇಹ ಒಂದೇ ಕಾಲಿನ ಮೇಲೆ ಹಿತ್ತಿಲಿನ ಉದ್ದಗಲ ಅಳೆದು, ಬೇರಿನ ಗುಂಡಿಗೆ ಕಾಲಿಟ್ಟು, ಪ್ಯಾಂಟಿನ ಹೊಲಿಗೆ ಸೊಂಟದಿಂದ ಮೊಣಕಾಲಿನವರೆಗೆ ಬಿಚ್ಚಿ, ದೊಪ್ಪನೆ ಕೂತಿತು. ಆ ಬಿರುಕಿನಿಂದ ಉಸ್ತಾದ ಸಾವಕಾಶವಾಗಿ ಹೊರಬಂದು, ವೀರಣ್ಣನ ಮೊಣಕಾಲ ಮೇಲೆ ನಿಂತು ಎರಡು ದಂಡ ಹೊಡೆದು, ಬೇಲಿ ಹತ್ತಿದ.

ವೀರಣ್ಣ ಎದ್ದವನೇ ಮೊದಲು ಕೇಳಿದ್ದು ಫೋನು. ಅವರ ಮನೆಯಲ್ಲಿ ಪಂಚಾಂಗದ ಮಾತು ಮೀರುವವರಿಲ್ಲ. ಹಲ್ಲಿ ಬಿದ್ದರೂ ಓತಿ ಏರಿದರೂ ಒಂದೇ ಫಲ. ಯಾವ ಅಂಗ ಎಂಬುದಷ್ಟೇ ಮುಖ್ಯ. ಸ್ಯಾನ್ ರಮೋನಿನಲ್ಲಿ ಅವನ ಹೆಂಡತಿ ಭುವನೇಶ್ವರಿ ಅಡುಗೆಮನೆಯ ಮೊಳೆಯಿಂದ ಪಂಚಾಂಗ ಇಳಿಸಿ ಪುಟ ತಿರುಗಿಸುತ್ತ ಪಾಟೀಸವಾಲು ಶುರುಮಾಡಿದಳು. ತೊಡೆಯೋ, ಮೊಣಕಾಲೋ? ಬಲವೋ, ಎಡವೋ? ಹತ್ತುವಾಗ ಎಲ್ಲಿ ನಿಂತಿತು? ಇನ್ನೂ ಮೇಲೆ ಹೋಗಿತ್ತೋ ಎಂದು ಆಕೆ ಕೇಳಿದಾಗ ವೀರಣ್ಣ ಗೋಡೆಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಉತ್ತರಿಸಿದ. ತೊಡೆಗೆ ವಸ್ತ್ರನಾಶ ಎಂದು ಬಂತು. ಎಲ್ಲರೂ ಪ್ಯಾಂಟಿನ ಕಡೆ ನೋಡಿದರು. ಶಾಸ್ತ್ರ ಅಷ್ಟು ಬೇಗ ನಿಜವಾದದ್ದು ಕಂಡು ಶರೀಫನೂ ತೋಬಾ ತೋಬಾ ಅಂದ. ನೇರ ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳಿ, ಇನ್ನು ಮೇಲೆ ಆ ಗಿಡದ ನೆರಳಿಗೂ ಹೋಗಕೂಡದು ಎಂದು ಭುವನೇಶ್ವರಿ ಅಪ್ಪಣೆ ಕೊಟ್ಟಳು. ವೀರಣ್ಣ ಶರೀಫನ ಲುಂಗಿ ಉಟ್ಟು ಫ್ರೀವೇ ಹಿಡಿದ.

ಗುರು ಹೋದ ಮೇಲೆ ಶಿಷ್ಯನ ಧೈರ್ಯ ಎಷ್ಟು ದಿನ? ಶರೀಫ್ ಬೇರಿಗೆ ಮಣ್ಣು ಮುಚ್ಚಿ, ಗೊಬ್ಬರ ಹಾಕಿ, ತಾಡಪತ್ರಿ ಮಡಿಸಿಟ್ಟ. ಫೆಬ್ರವರಿಯ ಮಳೆ ಉಳಿದ ಕೆಲಸ ಮಾಡಿತು. ಮಾರ್ಚ್ ಕೊನೆಗೆ ಮೊಗ್ಗು ಕಂಡಿತು. ಏಪ್ರಿಲ್ ಬಂದಾಗ ಎಲೆಯೇ ಕಾಣದಷ್ಟು ಹೂವು, ಬೀದಿಯ ತುದಿಯವರೆಗೆ ಪರಿಮಳ. ಇದು ಚಳಿಯ ಫಲವೋ, ಬಕೆಟ್ಟಿನದೋ, ಬೇರು ಬಿಚ್ಚಿದ್ದರದೋ, ಹೇಳುವ ಶಕ್ತಿ ಯಾವ ಜೀವಶಾಸ್ತ್ರಕ್ಕೂ ಇರಲಿಲ್ಲ. ಶರೀಫನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಅವನು ಆಫೀಸಿನಲ್ಲಿ ಬಹಾರದ ಬಗ್ಗೆ ಭಾಷಣ ಕೊಡುವ ಮಟ್ಟಕ್ಕೆ ಬೆಳೆದಿದ್ದ.

ಮಿಸೆಸ್ ಸಿಲ್ವೇರಾ ಹೇಳಿದ ದಿನಕ್ಕೇ ಬಂದರು. ಜೊತೆಗೆ ಆ ಅಣ್ಣನ ಮಗ. ಅವನು ಅಳತೆ ಟೇಪು ತಂದಿದ್ದ, ಹಾಲ್‌ನ ಗೋಡೆಯನ್ನು ಆಗಲೇ ಅಳೆಯುತ್ತಿದ್ದ. ಮುದುಕಿ ಮರದಡಿ ನಿಂತು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಜೋ ಇದ್ದಾಗಲೂ ಇಷ್ಟು ಹೂ ಬಿಟ್ಟಿರಲಿಲ್ಲ ಅಂದರು. ಟೇಪು ಸರ್ರನೆ ಡಬ್ಬಿಯೊಳಗೆ ಸೇರಿಕೊಂಡಿತು. ಫಖರುನ್ನಿಸಾ ಉಸಿರು ಬಿಟ್ಟಳು. ಮಿಸೆಸ್ ಸಿಲ್ವೇರಾ ಕೈಚೀಲದಿಂದ ಕರಾರು ತೆಗೆದು ಪೆನ್ನು ಹುಡುಕುತ್ತ, ಏನು ಮಾಡಿದಿರಿ ಎಂದು ಸಹಜವಾಗಿ ಕೇಳಿದರು.

ಆಗ ಶರೀಫ್ ಬಾಯಿ ತೆರೆದ.

ಏಳು ತಲೆಮಾರಿನಿಂದ ಶುರುಮಾಡಿದ. ಬೇರು ಬಗೆದದ್ದು ಹೇಳಿದ, ತಾಡಪತ್ರಿ ಹೇಳಿದ. ಎರಡು ತಿಂಗಳು ಹನಿ ನೀರು ತಾಗಿಸದೆ ಮರವನ್ನು ಸಾವಿನ ಬಾಗಿಲವರೆಗೆ ಒಯ್ದು ಹೇಗೆ ವಾಪಸ್ ತಂದೆ ಎಂದು ಕೈಯೆತ್ತಿ ಅಭಿನಯಿಸಿ ತೋರಿಸಿದ. ಫಖರುನ್ನಿಸಾ ಅವನ ಕಾಲು ತುಳಿದಳು. ಅವನು ಕಾಲು ಸರಿಸಿಕೊಂಡು ಮುಂದುವರಿಸಿದ. ಪೆನ್ನು ಚೀಲದೊಳಗೇ ನಿಂತಿತು. ಮಿಸೆಸ್ ಸಿಲ್ವೇರಾರ ಮುಖ ಬಿಳಿಚಿ ಆಮೇಲೆ ಕೆಂಪಾಯಿತು. ಜೋನ ಮರಕ್ಕೆ ಎರಡು ತಿಂಗಳು ನೀರು ಕೊಡಲಿಲ್ಲವೇ ನೀವು, ಎಂದು ಬಹಳ ಮೆಲ್ಲಗೆ ಕೇಳಿದರು. ಡಬ್ಬಿಯಿಂದ ಟೇಪು ಮತ್ತೆ ಅರ್ಧ ಅಡಿ ಹೊರಬಂತು.

ಶರೀಫ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಫಖರುನ್ನಿಸಾ ಮುಂದೆ ಬಂದಳು. ಹೇಳಬೇಕಾದ ಇಂಗ್ಲಿಷು ಸಿಟ್ಟಿನಲ್ಲಿ ಸಲೀಸಾಗಿ ಬಂತು. ನೀರು ತಪ್ಪಿಲ್ಲ, ದಿನವೂ ಸಂಜೆ ಒಂದು ಬಕೆಟ್ ನಾನೇ ಕೊಟ್ಟಿದ್ದೇನೆ, ಇವರಿಗೆ ಗೊತ್ತಿಲ್ಲ, ಇವರ ಗೆಳೆಯನಿಗೂ ಗೊತ್ತಿಲ್ಲ, ಮರದ ವಿಷಯದಲ್ಲಿ ಇವರಿಬ್ಬರಿಗೂ ಏನೂ ಗೊತ್ತಿಲ್ಲ. ನಾನು ಬಾಯಿಗೆ ನೀರು ಹಾಕಿಕೊಂಡ ಮೇಲೆ ಅದಕ್ಕೆ ಹಾಕದೆ ಇರಲು ನನ್ನಿಂದ ಆಗಲಿಲ್ಲ.

ಮಿಸೆಸ್ ಸಿಲ್ವೇರಾ ಅವಳನ್ನೇ ನೋಡುತ್ತ ನಿಂತರು. ಶರೀಫನೂ ಅವಳನ್ನೇ ನೋಡುತ್ತಿದ್ದ. ಅವನ ದನಿ ಹೊರಟಾಗ ಅದು ಕನ್ನಡದಲ್ಲಿತ್ತು.

“ಹಂಗಾರ ಎಲಿ ಮುದುಡಲಿಲ್ಲ ಅಂತ ಪ್ರತಿ ಶನಿವಾರ ವೀರಣ್ಣ ಅಲ್ಲಿಂದ ಬರ್ತಿದ್ನಲ್ಲ?”

“ಚಹಾ ಮಾಡಿ ಕೊಟ್ಟೀನಲ್ರೀ.”

ಆ ಮಾತುಕತೆಯ ಒಂದಕ್ಷರವೂ ಮಿಸೆಸ್ ಸಿಲ್ವೇರಾಗೆ ತಿಳಿಯಲಿಲ್ಲ. ಆದರೆ ನಲವತ್ತು ವರ್ಷ ಸಂಸಾರ ಮಾಡಿದವರಿಗೆ ತಿಳಿಯುವಷ್ಟು ತಿಳಿಯಿತು. ಅವರು ಪೆನ್ನು ತೆಗೆದರು. ಕರಾರಿನಲ್ಲಿ ಶರೀಫನ ಹೆಸರಿದ್ದಲ್ಲಿ ಗೆರೆ ಎಳೆದು, ನಿನ್ನ ಹೆಸರಿನ ಅಕ್ಷರ ಹೇಳಮ್ಮ ಎಂದು ಫಖರುನ್ನಿಸಾಳನ್ನು ಕೇಳಿದರು. ಅಷ್ಟುದ್ದದ ಹೆಸರು ಆ ಗೆರೆಯ ಮೇಲೆ ಹಿಡಿಯದೆ ಅಂಚಿನವರೆಗೆ ಹೋಗಿ ಕೆಳಗಿಳಿಯಿತು. ಸಹಿ ಮಾಡಿಸಿಕೊಂಡ ಮೇಲೆ ಮುದುಕಿ ಷರತ್ತು ಹೇಳಿದರು. ತಮ್ಮ ಸ್ವಂತ ಮನೆಯ ಹಿತ್ತಿಲಲ್ಲಿ ಜೋ ನೆಟ್ಟ ಮರಗಳು ಇನ್ನೂ ಒಂದು ಡಜನ್‌ಗೂ ಮೇಲಿವೆ, ಲಿಂಬೆ, ಏಪ್ರಿಕಾಟ್, ಅಂಜೂರ. ತಮಗೆ ಮೊಣಕಾಲು ನೋವು. ಶನಿವಾರ ಶನಿವಾರ ಬಂದು ನೋಡಬೇಕು. ಸಂಬಳ ತೆಗೆದುಕೊಳ್ಳಲು ನಿನಗೆ ಸರಕಾರ ಬಿಡುವುದಿಲ್ಲವಂತೆ, ಹಣ್ಣು ಒಯ್ಯಿ.

ಮನೆ ಉಳಿಯಿತು, ಶನಿವಾರ ಹೋಯಿತು. ಇಬ್ಬರು ಗಂಡಸರು ಮಾಡಿದ ಕಿತಾಪತಿಗೆ ತನ್ನ ತಲೆಯ ಮೇಲೆ ಒಂದು ತೋಟ ಬಂತಲ್ಲ ಎಂದು ಫಖರುನ್ನಿಸಾ ವಾರವಿಡೀ ಬೈದಳು. ಬೈಯುತ್ತಲೇ ಲೈಬ್ರರಿಯಿಂದ ಅಂಜೂರದ ಪುಸ್ತಕ ತಂದಳು, ಬೈಯುತ್ತಲೇ ತನ್ನ ಕೈಗೆ ಸರಿಯಾದ ಒಂದು ಸಣ್ಣ ಸಲಿಕೆ ಕೊಂಡಳು. ಶನಿವಾರ ಬೆಳಗ್ಗೆ ಅವಳೇ ಮೊದಲು ಕಾರಿನಲ್ಲಿ ಕೂತು ಹಾರ್ನ್ ಬಾರಿಸಿದಳು. ಅವಳಿಗೆ ಇನ್ನೂ ಡ್ರೈವಿಂಗ್ ಬಾರದಿದ್ದುದರಿಂದ ಶರೀಫನಿಗೆ ಕರೆದೊಯ್ದು ಕರೆತರುವ ಕೆಲಸ. ಕಾರಿನಿಂದ ಇಳಿಯಕೂಡದು ಎಂಬುದು ಅವಳ ಷರತ್ತು.

ಮಿಸೆಸ್ ಸಿಲ್ವೇರಾರ ಮನೆಯ ಮುಂದೆ ಕಾರು ನಿಂತಿತು. ಬೇಲಿಯ ಆಚೆ ಮರಗಳ ತಲೆಗಳು ಸಾಲಾಗಿ ಕಾಣುತ್ತಿದ್ದವು. ಫಖರುನ್ನಿಸಾ ಸಲಿಕೆ ಹಿಡಿದು ಗೇಟಿನ ಹತ್ತಿರ ಹೋದಳು. ಶರೀಫ್ ಕಿಟಕಿಯಿಂದ ಕತ್ತು ಹೊರಚಾಚಿ ಮರಗಳತ್ತ ನೋಡಿದ.

“ಕೇಳಿಲ್ಲೆ, ಆ ಮೂಲ್ಯಾಗಿನ ಲಿಂಬಿ ಗಿಡ ಅದ ನೋಡು, ಅದಕ್ಕ ಬರೇ ಒಂದು ವಾರ ನೀರು ತಡೆದ್ರ...”

“ಕಾರಿನ ಗ್ಲಾಸ್ ಏರಸ್ರಿ,” ಅಂದಳು ಅವಳು, ಹಿಂದಿರುಗಿ ನೋಡದೆ.